ಕಿತ್ತುಹೋದ ಗುಂಡಿ

"ಬರ್ತೀರಿ, ಕೇಳ್ತೀರಿ, ಹೋಗ್ತೀರಿ... ಆಮೇಲೆ ನಿಮ್ಮ ಮುಖಾನೂ ಕಾಣಲ್ಲ!"

ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಅವಳು ಸಿಡುಕಿದಳು. ಕೇರಿಯವರ ಕಾಯಿಲೆ ವಿಚಾರಿಸಲು ಬಂದ ಸರ್ವೆಯವನು ಬಾಗಿಲಲ್ಲೇ ನಿಂತ.

"ಈ ಸಲ ನೀವು ಹೇಳಿದ ಹಾಗೆ ಮಾಡೋಣ ಅಂತ. ಏನು ಮಾಡಿದ್ರೆ ನಿಮಗೆ ಅನುಕೂಲ?"

ಅವಳ ಕಾಲು ತುಳಿಯುವುದನ್ನು ಮರೆಯಿತು. ಅವಳನ್ನು ಇದುವರೆಗೆ ಯಾರೂ ಹೀಗೆ ಕೇಳಿರಲಿಲ್ಲ!

"ಸಕ್ಕರೆ ಕಾಯಿಲೆಗೆ ಒಂದು ಕಡೆ, ಕಣ್ಣಿಗೆ ಇನ್ನೊಂದು ಕಡೆ... ಪ್ರತಿ ಸಲವೂ ಕೂಲಿ ಹೋಗುತ್ತೆ. ಎಲ್ಲಾ ಒಂದೇ ಕಡೆ ಸಿಗಬಾರದಾ?"

ನೀರು ಕೊಡುವಾಗ ಪಿಸುಗುಟ್ಟಿದಳು. "ನಿಮ್ಮ ಅಂಗಿ ಗುಂಡಿ ಕಿತ್ತುಹೋಗಿದೆ."

ಅವನು ನಾಚಿ, ಮೂಲೆಯಲ್ಲಿ ಕೂತಿದ್ದ ಅವಳ ಅಮ್ಮನ ಕಡೆ ತಿರುಗಿದ. "ಅಮ್ಮಾ, ಕಣ್ಣು ಚೆನ್ನಾಗಿ ಕಾಣುತ್ತಾ?"

"ನಿನ್ನ ಗುಂಡಿ ಕಿತ್ತುಹೋಗಿರೋದೂ ಕಾಣುತ್ತಪ್ಪ!"

ಮೂವರೂ ನಕ್ಕರು.

ಕೆಲವು ತಿಂಗಳ ಮೇಲೆ ಕೇರಿಯ ಶಾಲೆಯಲ್ಲಿ ಎಲ್ಲಾ ಚಿಕಿತ್ಸೆ ಒಂದೇ ಕಡೆ ಶುರುವಾಯಿತು. ಸರ್ವೆಯಲ್ಲಿ ಕಣ್ಣಿನ ತೊಂದರೆ ಹೇಳಿಕೊಂಡವರನ್ನು ಮೊದಲು ಕರೆದರು. ಅವರೆಲ್ಲರ ನಂತರ ಅಮ್ಮನ ಸರದಿ ಬಂದಾಗ ಡಾಕ್ಟರಮ್ಮ ನಿಟ್ಟುಸಿರಿಟ್ಟರು.

"ಸಕ್ಕರೆ ಕಾಯಿಲೆ ಎಡಗಣ್ಣನ್ನ ತಿಂದುಹಾಕಿದೆ. ಬಲಗಣ್ಣಾದ್ರೂ ಉಳಿಯುತ್ತಾ ನೋಡೋಣ... ಬೇಗ ಬರಬಾರದಿತ್ತಾ?"

ಹೊರಗೆ ಬೆಂಚುಗಳನ್ನು ಸಾಲಾಗಿ ಇಡುತ್ತಿದ್ದ ಅವನ ಮೇಲೆ ಅವಳು ಎರಗಿದಳು.

"ಕೇಳಿದ್ರಿ ಅಷ್ಟೇ! ಅಮ್ಮನ ಕಣ್ಣನ್ನ ಒಂದು ಸಲ ನೋಡಿದ್ರಾ?"

'ಒಂದೇ ಮನೆಯಲ್ಲಿದ್ದು ನಾನಾದರೂ ನೋಡಿದೆನಾ...?' ಎಂದು ಅವಳಿಗೇ ಅನ್ನಿಸಿತು.

ಅವನು ಹಿಡಿದಿದ್ದ ಬೆಂಚನ್ನು ಕೆಳಗಿಟ್ಟ. ಗೋಡೆ ತಡವುತ್ತಾ ಬಂದ ಅಮ್ಮ ಹೇಳಿದಳು. "ಅವನನ್ನ ಯಾಕೆ ಬೈತೀಯೇ? ಸುಳ್ಳು ಹೇಳಿದ್ದು ನಾನು. ಗುಂಡಿ ವಿಷಯ ನೀನು ಪಿಸುಗುಟ್ಟಿದ್ದನ್ನ ಕೇಳಿಸ್ಕೊಂಡು ಹೇಳಿದೆ... ಹುಡುಗ ಒಳ್ಳೆಯವನು ಅನ್ನಿಸ್ತು. ಕಣ್ಣು ಕಾಣದ ಅತ್ತೆ ಗಂಟುಬೀಳ್ತಾಳೆ ಅಂದ್ರೆ ನಿನ್ನ ಕೈ ಹಿಡೀತಾನಾ ಅಂತ..."

ಅವಳು ಬೆಂಚಿನ ಮೇಲೆ ಕುಸಿದಳು. ಯಾರನ್ನು ಬೈಯುವುದು? ಬೈದರೆ ಆ ಕಣ್ಣು ಬರುತ್ತದೆಯೇ?

"ನನ್ನನ್ನೇ ಕೇಳಬಹುದಿತ್ತಲ್ಲಮ್ಮ..." ಅವನೆಂದ.

"ಕೇಳಿದ್ರೆ... ಏನು ಹೇಳ್ತಿದ್ರಿ?" ನೆಲ ನೋಡುತ್ತಲೇ ಅವಳೆಂದಳು.

"ಅವತ್ತೇ ಹೂಂ ಅಂತಿದ್ದೆ. ಇವತ್ತೂ ಹೂಂ ಅಂತೀನಿ, ನಿಮಗೆ ಒಪ್ಪಿಗೆ ಇದ್ರೆ."

ಅಮ್ಮ ಅವನ ಅಂಗಿಯ ಮೇಲೆ ಕೈಯಾಡಿಸಿದಳು. "ಅಯ್ಯೋ, ಗುಂಡಿ ಇನ್ನೂ ಹಾಕಿಸಿಲ್ವೇನೋ?"

"ಹಾಕಿಸಿದ್ರೆ ನಿಮ್ಮನೆಗೆ ಬರೋಕೆ ನೆಪ ಇರ್ತಿರಲಿಲ್ಲ."

ಅವಳು ಸೆರಗಿಗೆ ಚುಚ್ಚಿದ್ದ ಸೂಜಿ ತೆಗೆದಳು. ಕಣ್ಣೀರಿಗೆ ಸೂಜಿಯ ಕಣ್ಣೇ ಕಾಣಲಿಲ್ಲ.

"ಕೊಡಿ, ನಾನು ದಾರ ಪೋಣಿಸ್ತೀನಿ."

"ಬರುತ್ತಾ?"

"ಇಲ್ಲ... ಹೇಳಿಕೊಡ್ತೀರಾ?"