ಅಂಬಿಗನ ಮಗಳ ಬುತ್ತಿ

ಬೆಟ್ಟಗಳಿಗೆ ಇನ್ನೂ ಕಾಲಿದ್ದು, ಬೇಸರ ಬಂದಾಗ ಅವು ಊರಿಂದೂರಿಗೆ ನಡೆದು ಹೋಗುತ್ತಿದ್ದ ಕಾಲ. ಆಗ ಮಿಂಚುಗಿರಿ ಎಂಬುದೊಂದು ರಾಜ್ಯ. ಆ ರಾಜ್ಯದ ನಡುವೆ ಒಂದು ಹೊಳೆ. ಆ ಹೊಳೆಗೆ ಒಬ್ಬ ಅಂಬಿಗ. ಅವನ ಹೆಸರು ದ್ಯಾವಣ್ಣ.

ದ್ಯಾವಣ್ಣನ ದೋಣಿಗೆ ಹುಟ್ಟು ಬೇಕಿರಲಿಲ್ಲ. ಮಕರಯ್ಯ ಎಂಬ ಮುದಿ ಮೊಸಳೆ ಹಗ್ಗವನ್ನು ಬಾಯಲ್ಲಿ ಕಚ್ಚಿಕೊಂಡು ದೋಣಿಯನ್ನು ಎಳೆಯುತ್ತಿತ್ತು. ಅದು ಮಾತೂ ಆಡುತ್ತಿತ್ತು, ಹಗ್ಗ ಬಾಯಲ್ಲಿ ಇಲ್ಲದಿದ್ದಾಗ. ದ್ಯಾವಣ್ಣನ ಹೆಂಡತಿ ತುಂಗವ್ವ ಅರಮನೆಯ ಆನೆಗಳಿಗೆ ಮೇವು ಹಾಕುವವಳು. ಕೋಳಿ ಕೂಗುವ ಮೊದಲೇ ಅವಳು ಹೊರಟುಬಿಡಬೇಕು. ಹಾಗಾಗಿ ಐದು ವರ್ಷದ ಮಗಳು ಸಂಪಿಯ ತಲೆ ಬಾಚಿ, ಬುತ್ತಿ ಕಟ್ಟಿ, ಶಾಲೆಗೆ ಕಳಿಸುವುದು ದ್ಯಾವಣ್ಣನ ಪಾಲಿಗೆ ಬಂದಿತ್ತು.

ತಲೆ ಬಾಚುವುದು ಹೇಗೋ ಆಗುತ್ತಿತ್ತು. ಕಷ್ಟವೆಂದರೆ ಬುತ್ತಿ. ಸಂಪಿ ತಿನ್ನುತ್ತಿದ್ದುದು ಒಂದೇ ಒಂದು: ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ನಿನ್ನೆಯೂ ಅದೇ, ಇವತ್ತೂ ಅದೇ, ನಾಳೆಯೂ ಅದೇ. ಆದರೆ ಹೊಳೆಯಾಚೆಗಿದ್ದ ಅವಳ ಶಾಲೆಯೊಳಗೆ ಶೇಂಗಾ ತರುವ ಹಾಗಿರಲಿಲ್ಲ. ಗೋಡಂಬಿ ಇಲ್ಲ, ಬಾದಾಮಿ ಇಲ್ಲ, ಅವುಗಳ ಒಂದು ಚೂರೂ ಇಲ್ಲ. ಅದಕ್ಕೆ ಕಾರಣವಿತ್ತು.

ಧೂಮಕೇಶಿ ಎಂಬ ಮಾಟಗಾತಿ ಇದ್ದಳು. ಅವಳ ತಲೆಯ ಮೇಲೆ ಕೂದಲಿನ ಬದಲು ಹೊಗೆ. ರಾಜಕುಮಾರಿ ನೀಲಿ ಹುಟ್ಟಿದಾಗ, ತೊಟ್ಟಿಲ ಶಾಸ್ತ್ರಕ್ಕೆ ತನ್ನನ್ನು ಕರೆಯಲಿಲ್ಲವೆಂದು ಸಿಟ್ಟಾಗಿ ಬಂದು ಶಾಪ ಕೊಟ್ಟಳು. "ಶೇಂಗಾ, ಗೋಡಂಬಿ, ಬಾದಾಮಿ, ಇವುಗಳ ಪುಡಿ ತಾಗಿದರೂ ಸಾಕು, ಈ ಮಗು ಕಲ್ಲಾಗಲಿ!" ಶಾಪ ಕೊಟ್ಟವರು ಉಃಶಾಪವನ್ನೂ ಹೇಳಲೇಬೇಕು. ಧೂಮಕೇಶಿ ನಗುತ್ತ ಹೇಳಿದಳು: "ನನ್ನ ಕೈಯ ತಿಂಡಿಯನ್ನು ಒಂದು ಪುಟ್ಟ ಮಗು ಮೂರು ದಿನ ಬೇಡ ಅನ್ನಲಿ. ಆಗ ಶಾಪವೂ ಇಲ್ಲ, ನಾನೂ ಇಲ್ಲ. ತಿಂಡಿ ಬೇಡ ಅನ್ನುವ ಮಗು ಯಾವ ಲೋಕದಲ್ಲಿದೆ?"

ನೀಲಿಗೆ ಮೂರು ವರ್ಷವಾದಾಗ ಅಡುಗೆಯವನ ತೋಳಿಗೆ ಅಂಟಿದ್ದ ಶೇಂಗಾ ಪುಡಿ ತಾಗಿ ಅವಳ ಎಡಗೈಯ ಎರಡು ಬೆರಳು ಕಲ್ಲಾದವು. ದೊರೆ ಅವಳನ್ನು ಏಳು ಬಾಗಿಲ ಒಳಗಿನ ಕೋಣೆಯಲ್ಲಿ ಇಡುತ್ತೇನೆ ಎಂದ. ರಾಣಿ ಒಪ್ಪಲಿಲ್ಲ. "ಮಗು ಮಕ್ಕಳ ಜೊತೆ ಬೆಳೆಯಬೇಕು" ಎಂದಳು. ಗುರುತಾಯಿ ಸೋಮಜ್ಜಿ ಶಾಲೆಯ ಬೇಲಿಗೆ ಅರಿಶಿನದ ದಾರ ಸುತ್ತಿದಳು. ಆ ದಾರವನ್ನು ಧೂಮಕೇಶಿ ದಾಟಲಾರಳು. ಡಂಗುರ ಸಾರಿಸಿದರು. ಮಕ್ಕಳೆಲ್ಲ ಕೈ ತೊಳೆದು ಒಳಗೆ ಬರತೊಡಗಿದರು. ಆ ಮಕ್ಕಳಲ್ಲಿ ನೀಲಿಯ ಪಕ್ಕ ಕೂರುವವಳು, ನೀಲಿಯ ಜೀವದ ಗೆಳತಿ, ನಮ್ಮ ಸಂಪಿ.

ಒಂದು ದಿನ ದ್ಯಾವಣ್ಣ ಮೊಸರನ್ನ ಕಟ್ಟಿದ. ಸಂಜೆ ಡಬ್ಬಿ ತುಂಬಿದ್ದದ್ದು ತುಂಬಿದ ಹಾಗೇ ಬಂತು.

"ಯಾಕವ್ವಾ?"

"ಹುಳಿಯಾಗಿತ್ತು. ಬೆಳ್ಳಗೆ ಬೇರೆ."

ಮರುದಿನ ಸೊಪ್ಪಿನ ಪಲ್ಯ, ಚಪಾತಿ, ಹೋಳಿಗೆ, ಹೆಸರುಬೇಳೆ ಕೋಸಂಬರಿ. ನೆರೆಮನೆಯವರು ಬಂದು ನೋಡಿ ಹೋದರು, ಅಷ್ಟು ಚೆಂದದ ಬುತ್ತಿ! ಶಾಲೆಯಲ್ಲಿ ಸಂಪಿ ಮುಚ್ಚಳ ತೆಗೆದಳು. ಕೋಸಂಬರಿಯ ನೀರು ಹೋಳಿಗೆಗೆ ಇಳಿದಿತ್ತು. ಪಲ್ಯ ಚಪಾತಿಗೆ ಅಂಟಿತ್ತು. ಸಂಪಿ ಮುಚ್ಚಳ ಹಾಕಿ ಬೇಲಿಯ ಹತ್ತಿರ ಹೋಗಿ ಕುಳಿತಳು. ಹೊಟ್ಟೆ ಗುರ್ರೆನ್ನುತ್ತಿತ್ತು.

ಬೇಲಿಯಾಚೆ ತಲೆಗೆ ಬಟ್ಟೆ ಸುತ್ತಿದ ಒಬ್ಬ ಮುದುಕಿ. "ಹಸಿವಾ ಪುಟ್ಟೀ? ತಗೋ" ಎಂದು ಒಂದು ಉಂಡೆ ಕೊಟ್ಟಳು. ಸಂಪಿ ತಗೊಂಡಳು. ಕಚ್ಚುವ ಮೊದಲು, ಎಂದಿನಂತೆ, ಅರ್ಧ ನೀಲಿಗೆ ಕೊಡೋಣವೆಂದು ಓಡಿದಳು. ಉಂಡೆ ಮುರಿಯಿತು, ಒಳಗಿದ್ದ ಬಾದಾಮಿ ಪುಡಿ ಉದುರಿತು. ನೀಲಿಯ ಎಡಗೈ ಮೊಣಕೈವರೆಗೆ ಕಲ್ಲಾಯಿತು.

ಅಂದು ಸಂಪಿಯ ಅಳು ಹೊಳೆಯ ಈಚೆ ದಡಕ್ಕೂ ಕೇಳಿಸಿತು. ದ್ಯಾವಣ್ಣ ಮಗಳನ್ನು ಎತ್ತಿಕೊಂಡು ದೊರೆಯ ಮುಂದೆ ನಿಂತ.

"ತಪ್ಪು ಮಗುವಿನದಲ್ಲ ಪ್ರಭು. ಬುತ್ತಿ ಕಟ್ಟಿದವನು ನಾನು."

"ಯಾರ ತಪ್ಪಾದರೇನು?" ಎಂದ ದೊರೆ. ಅವನ ಕಣ್ಣೂ ಕೆಂಪಾಗಿತ್ತು. "ಇನ್ನೊಂದು ಸಲ ಹೀಗಾದರೆ ಎದೆಯೇ ಕಲ್ಲಾದೀತು. ನಾಳೆಯಿಂದ ನೀಲಿ ಏಳು ಬಾಗಿಲ ಒಳಗೆ."

ಆಗ ನೀಲಿಯೇ ಎದ್ದು ಬಂದಳು. "ಅಪ್ಪಾಜಿ, ಆ ಮಾಟಗಾತಿ ಮತ್ತೆ ಬರ್ತಾಳಂತೆ. ಒಮ್ಮೆ ತಿಂಡಿ ಕೊಟ್ಟ ಮಗುವನ್ನೇ ಹುಡುಕಿಕೊಂಡು ಬರ್ತಾಳೆ ಅಂತ ಗುರುತಾಯಿ ಹೇಳಿದರು. ಮೂರು ದಿನ ಕೊಡಿ. ಸಂಪಿ ಬೇಡ ಅಂತಾಳೆ."

ದೊರೆ ಸಂಪಿಯನ್ನು ನೋಡಿದ. ಸಂಪಿ ಮೂಗು ಒರೆಸಿಕೊಂಡು, "ಅಂತೀನಿ" ಎಂದಳು.

"ಆಯಿತು," ಎಂದ ದೊರೆ. "ಮೂರೇ ದಿನ."

ದ್ಯಾವಣ್ಣ ಹೊಳೆಯ ದಡದಲ್ಲಿ ತಲೆಯ ಮೇಲೆ ಕೈಯಿಟ್ಟು ಕುಳಿತ. ಹಸಿದ ಮಗು ಬೇಡ ಅನ್ನುವುದು ಹೇಗೆ? ಹೊಟ್ಟೆ ತುಂಬಿಸಬೇಕು. ತುಂಬಿಸುವುದು ಹೇಗೆ? ಮಕರಯ್ಯ ಹಗ್ಗ ಉಗುಳಿ ನೀರಿನಿಂದ ಮೂತಿ ಎತ್ತಿತು.

"ನಾನು ನಾನೂರು ಮರಿ ಸಾಕಿದವನು. ಒಂದು ಕೇಳುತ್ತೇನೆ ದ್ಯಾವಣ್ಣ. ಏನು ಬೇಕು ಅಂತ ಮಗಳನ್ನು ಕೇಳಿದೆಯಾ?"

"ಕೇಳಿದರೆ ಶೇಂಗಾ ಹಿಂಡಿ ಅಂತಾಳೆ."

"ಅದು ಬಿಟ್ಟು ಕೇಳು. ಯಾಕೆ ಬೇಡ ಅಂತಲೂ ಕೇಳು. ನನ್ನ ಮರಿಗಳಲ್ಲಿ ಒಂದಕ್ಕೆ ಮೀನಿನ ಬಾಲ ಕಂಡರಾಗದು. ಬಾಲ ಕಿತ್ತು ಕೊಟ್ಟೆ, ತಿಂದಿತು. ಅಷ್ಟೇ."

ದ್ಯಾವಣ್ಣ ಮನೆಗೆ ಹೋಗಿ ಮಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ. ಸಂಪಿ ಬೆರಳು ಮಡಚುತ್ತ ಹೇಳಿದಳು. "ಒಂದಕ್ಕೊಂದು ತಾಗಬಾರದು. ಬೆಳ್ಳಗೆ ಇರಬಾರದು. ಕೈಗೆ ಅಂಟಬಾರದು. ದೊಡ್ಡದು ಬೇಡ, ಚಿಕ್ಕದು ಬೇಕು. ಬೇಗ ಮುಗೀಬೇಕು, ಇಲ್ಲಾಂದ್ರೆ ಆಟ ಮುಗಿದುಹೋಗುತ್ತೆ."

"ಅಷ್ಟೇನಾ?"

"ನಾನೂ ಮಾಡ್ತೀನಿ."

ಅವನಿಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಇಷ್ಟು ದಿನ ಒಂದು ಮಾತು ಕೇಳಿರಲಿಲ್ಲ!

ಹಳೆಯ ಒರಳಿಗೆ ಶೇಂಗಾ ಎಣ್ಣೆ ಹಿಡಿದಿತ್ತು. ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ದ್ಯಾವಣ್ಣ ಹೊಸ ಒರಳು ತಂದ, ಹೊಸ ಲಟ್ಟಣಿಗೆ ತಂದ. ಮನೆಯಲ್ಲಿದ್ದ ಶೇಂಗಾ ಚೀಲವನ್ನು ಹೊಳೆಯಾಚೆಯ ಅಣ್ಣನಿಗೆ ಕೊಟ್ಟುಬಂದ. ಬೆಳಗಾಗುತ್ತಲೇ ಹುರಿಗಡಲೆ, ಒಣಕೊಬ್ಬರಿ, ಬೆಳ್ಳುಳ್ಳಿ, ಜೀರಿಗೆ, ಚೂರು ಮೆಣಸಿನಕಾಯಿ ಹಾಕಿ ಚಟ್ನಿಪುಡಿ ಕುಟ್ಟಿದ. ಸಂಪಿ ನೆಕ್ಕಿ ನೋಡಿದಳು. "ಹಿಂಡಿ ಥರ ಇಲ್ಲ," ಎಂದಳು. ಮತ್ತೊಮ್ಮೆ ನೆಕ್ಕಿದಳು. "ಆದ್ರೂ ಇರಲಿ." ಅವಳ ಅಂಗೈಯಷ್ಟೇ ಅಗಲದ ಆರು ರೊಟ್ಟಿ. ಒಂದನ್ನು ಅವಳೇ ತಟ್ಟಿದಳು. ಅದು ಆಮೆಯ ಆಕಾರದಲ್ಲಿತ್ತು.

ಮಧ್ಯಾಹ್ನ ಮುದುಕಿ ಬೇಲಿಗೆ ಬಂದಳು. ಉಂಡೆಯಿಂದ ತುಪ್ಪ ತೊಟ್ಟಿಕ್ಕುತ್ತಿತ್ತು. "ಬಾ ಪುಟ್ಟೀ, ತಗೋ."

ಸಂಪಿ ಆಗಲೇ ಆಮೆಯನ್ನು ತಿಂದು ಮುಗಿಸಿ ಕುಂಟಾಬಿಲ್ಲೆ ಆಡುತ್ತಿದ್ದಳು. "ಬೇಡ. ನನ್ನ ಆಟ ಇದೆ" ಎಂದಳು, ತಿರುಗಿಯೂ ನೋಡದೆ. ನೀಲಿಯ ಮೊಣಕೈ ಮೆತ್ತಗಾಯಿತು.

ಎರಡನೆಯ ದಿನ ತಂದೆ ಮಗಳು ಸೇರಿ ಗುಳಿಯಪ್ಪ ಮಾಡಿದರು. ಒಂದೊಂದರ ಹೊಟ್ಟೆಯಲ್ಲೂ ಬೆಲ್ಲ, ಕಾಯಿತುರಿ. ಒಂದಕ್ಕೊಂದು ತಾಗದಂತೆ ನಡುವೆ ಬಾಳೆಎಲೆಯ ತುಂಡು ಇಟ್ಟರು. ಅಂದು ಬೇಲಿಗೆ ಬಂದದ್ದು ಒಂದು ನವಿಲು. ಅದರ ಗರಿಗರಿಯಲ್ಲೂ ಗೋಡಂಬಿ, ಗರಿಯ ಕಣ್ಣುಕಣ್ಣಲ್ಲೂ ಬಾದಾಮಿ. ಅದು ಕುಣಿಯಿತು. ಮಕ್ಕಳೆಲ್ಲ ಬಾಯಿ ಬಿಟ್ಟು ನಿಂತರು. "ಒಂದೇ ಒಂದು ಗರಿ ಕಿತ್ತುಕೋ" ಎಂದಿತು ನವಿಲು. ಸಂಪಿ ಕೈ ಚಾಚಿದಳು. ಬೆರಳಲ್ಲಿ ಇನ್ನೂ ಬೆಲ್ಲದ ಸಿಹಿಯಿತ್ತು. ಅದನ್ನು ನೆಕ್ಕಿಕೊಂಡು, "ನಂದೇ ಚೆನ್ನಾಗಿದೆ, ಬೇಡ" ಎಂದಳು. ನವಿಲು ಸುಟ್ಟ ವಾಸನೆ ಬಿಟ್ಟು ಮಾಯವಾಯಿತು. ನೀಲಿಯ ಕೈ ಮಣಿಕಟ್ಟಿನವರೆಗೆ ಬಿಡುಗಡೆಯಾಯಿತು.

ಮೂರನೆಯ ದಿನ ಚಪಾತಿಗೆ ತುಪ್ಪ ಬೆಲ್ಲ ಸವರಿ ಸುರುಳಿ ಸುತ್ತಿ, ಪುಟ್ಟಪುಟ್ಟದಾಗಿ ಕತ್ತರಿಸಿದರು. ಪಕ್ಕದಲ್ಲಿ ಎಳೆ ಸೌತೆಕಾಯಿ. ಆದರೆ ಧೂಮಕೇಶಿಗೆ ಗಾಬರಿ ಹತ್ತಿತ್ತು. ದೋಣಿ ನಡುಹೊಳೆಗೆ ಬಂದಾಗ ಅವಳು ಕಳಿಸಿದ ಹದ್ದು ಸರ್ರನೆ ಇಳಿದು ಡಬ್ಬಿಯನ್ನು ಕಿತ್ತುಕೊಂಡು ಹೋಯಿತು.

ಸಂಪಿಯ ತುಟಿ ನಡುಗಿತು. ದ್ಯಾವಣ್ಣ ಅವಳ ಕೆನ್ನೆ ಹಿಡಿದ. "ನೀನು ಶಾಲೆಗೆ ನಡೆ. ನಾನು ಮತ್ತೆ ಮಾಡಿ ತರುತ್ತೇನೆ. ಮಧ್ಯಾಹ್ನದೊಳಗೆ ತರುತ್ತೇನೆ."

ಮಕರಯ್ಯ ಅಂದು ಎಳೆದ ಹಾಗೆ ದೋಣಿಯನ್ನು ಎಂದೂ ಎಳೆದಿರಲಿಲ್ಲ. ಆದರೆ ಒಲೆ ಆರಿಹೋಗಿತ್ತು, ಹಿಟ್ಟು ಮುಗಿದಿತ್ತು. ಹಿಟ್ಟು ಬೀಸಿ, ಒಲೆ ಹಚ್ಚಿ, ಸುರುಳಿ ಸುತ್ತಿ ದ್ಯಾವಣ್ಣ ಶಾಲೆಯ ದಾರಿಯಲ್ಲಿ ಓಡುತ್ತಿರುವಾಗ ಊಟದ ಗಂಟೆ ಬಾರಿಸಿಯೇಬಿಟ್ಟಿತು. ಬೇಲಿ ಕಾಣಿಸಿತು. ಬೇಲಿಯ ಬಳಿ ನಿಂತಿದ್ದವನನ್ನು ಕಂಡು ಅವನು ಕಣ್ಣುಜ್ಜಿಕೊಂಡ.

ಅಲ್ಲಿ ನಿಂತಿದ್ದವನೂ ದ್ಯಾವಣ್ಣನೇ! ಅದೇ ಮೀಸೆ, ಅದೇ ರುಮಾಲು, ಅದೇ ಧ್ವನಿ. ಕೈಯಲ್ಲಿ ಡಬ್ಬಿ. "ಬಂದೆ ಕಂದಾ. ಹಸಿವಾಯಿತಲ್ಲ? ನೋಡು, ನಿನಗಿಷ್ಟವಾದ ರೊಟ್ಟಿ, ಶೇಂಗಾ ಹಿಂಡಿ. ಇವತ್ತೊಂದು ದಿನ ಪರವಾಗಿಲ್ಲ, ಒಳಗೆ ತಗೊಂಡು ಹೋಗು."

ದ್ಯಾವಣ್ಣ ಕೂಗಲು ಬಾಯಿ ತೆರೆದ. ಹೊಗೆ ಬಂದು ಬಾಯಿಗೆ ಸುತ್ತಿತು, ಕಾಲಿಗೂ ಸುತ್ತಿತು. ನಿಂತಲ್ಲೇ ನಿಂತ.

ಸಂಪಿ ಡಬ್ಬಿಯನ್ನು ನೋಡಿದಳು. ಹಿಂಡಿಯ ಘಮ ಮೂಗಿಗೆ ಬಡಿಯಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವಳ ಬಾಯಲ್ಲಿ ನೀರೂರಿತು, ಕಣ್ಣಲ್ಲೂ ನೀರೂರಿತು. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡ."

"ನಾನು ನಿನ್ನ ಅಪ್ಪ ಅಲ್ಲವೇನೇ?"

"ಅಲ್ಲ. ನಮ್ಮಪ್ಪನಿಗೆ ನೀಲಿ ಗೊತ್ತು. ಅವನು ಇದನ್ನ ತರಲ್ಲ. ಸುರುಳಿ ತರ್ತೀನಿ ಅಂದಿದ್ದಾನೆ, ತರ್ತಾನೆ. ನಾನು ಅವನಿಗೇ ಕಾಯ್ತೀನಿ."

ಆ ಮಾತು ಮುಗಿಯುತ್ತಲೇ ಮೀಸೆ ಕರಗಿತು, ರುಮಾಲು ಕರಗಿತು, ಧೂಮಕೇಶಿಯ ತಲೆಯ ಹೊಗೆ ಬುಸ್ಸೆಂದು ಮೇಲೆದ್ದು ಚದುರಿಹೋಯಿತು. ಉಳಿದದ್ದು ನೆಲದ ಮೇಲೆ ಒಂದು ಚಿಟಿಕೆ ಮಸಿ. ಗಾಳಿ ಬೀಸಿತು, ಅದೂ ಇಲ್ಲವಾಯಿತು.

ದ್ಯಾವಣ್ಣ ಓಡಿಬಂದು ಬೇಲಿಯ ಮೇಲಿಂದ ಮಗಳನ್ನು ಎತ್ತಿಕೊಂಡ. "ತಡವಾಯಿತು ಕಂದಾ."

"ಹೂಂ," ಎಂದಳು ಸಂಪಿ. ಅವನ ಹೆಗಲಿಗೆ ಮೂಗು ಒರೆಸಿ, ಡಬ್ಬಿ ತೆಗೆದು ಎರಡು ಸುರುಳಿಯನ್ನು ಒಟ್ಟಿಗೆ ಬಾಯಿಗೆ ತುಂಬಿಕೊಂಡಳು. ಮೂರನೆಯದಕ್ಕೆ ಇನ್ನೊಂದು ಕೈ ಬಂತು. ನೀಲಿಯ ಎಡಗೈ. ಐದೂ ಬೆರಳು ಬೆಚ್ಚಗಿದ್ದವು.

ಆ ವಾರವೇ ಅರಮನೆಯಲ್ಲಿ ದೊಡ್ಡ ಊಟ. ಆನೆಗಳಿಗೂ ಹೋಳಿಗೆ, ಮಕರಯ್ಯನಿಗೆ ಬಾಲ ಕಿತ್ತ ನೂರು ಮೀನು. ದೊರೆ ದ್ಯಾವಣ್ಣನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ನೀಲಿಗೆ ಮೊದಲ ಬಾರಿಗೆ ಒಂದು ಶೇಂಗಾ ಕಾಳು ಕೊಟ್ಟರು. ದೊರೆ ಉಸಿರು ಬಿಗಿಹಿಡಿದ, ರಾಣಿ ಸೆರಗು ಹಿಡಿದಳು. ನೀಲಿ ಅಗಿದಳು, ಅಗಿದಳು, ನುಂಗಿದಳು. ಏನೂ ಆಗಲಿಲ್ಲ.

"ಇಷ್ಟೇನಾ?" ಎಂದಳು ನೀಲಿ.

ಸಂಪಿಗೆ ಎಷ್ಟು ನಗು ಬಂತೆಂದರೆ ಬಾಯಲ್ಲಿದ್ದ ಪಾಯಸ ಮೂಗಿಗೆ ಹತ್ತಿತು. ಅವಳ ನಗು ಕಂಡು ರಾಣಿ ನಕ್ಕಳು, ರಾಣಿಯನ್ನು ಕಂಡು ದೊರೆ ನಕ್ಕ, ದೊರೆಯನ್ನು ಕಂಡು ಊರಿಗೆ ಊರೇ ನಕ್ಕಿತು. ಅಂದಿನಿಂದ ಮಿಂಚುಗಿರಿಯ ಜನ ಹೊಟ್ಟೆ ತುಂಬ ಉಂಡರು, ಕಣ್ಣು ತುಂಬ ನಿದ್ದೆ ಮಾಡಿದರು, ಬಾಯಿ ತುಂಬ ನಕ್ಕು ಬಾಳಿದರು.