ಹಗ್ಗದ ಆ ತುದಿ

ದೇವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಅವನ ಪರವಾಗಿ ಸುಳ್ಳು ಹೇಳುವ ದರ್ದು ನನಗಿಲ್ಲ.

ನೆಲದಡಿಯ ನೀರಿನ ಟ್ಯಾಂಕು ತೊಳೆಯುವುದು ನನ್ನ ಕೆಲಸ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಾನು ಇಳಿಯುತ್ತೇನೆ. ಇನ್ನೊಂದು ತುದಿ ಹಿಡಿದು ಭಾವಮೈದ ಮೇಲೆ ನಿಲ್ಲುತ್ತಾನೆ. ಅವನು ಆಗಾಗ ಜಗ್ಗಿದರೆ ‘ಇಲ್ಲೇ ಇದ್ದೀನಿ’ ಎಂದರ್ಥ.

ಮಗಳು ತೀರಿಕೊಂಡ ಮೇಲೆ ನಾನು ಮೊದಲ ಸಲ ಟ್ಯಾಂಕಿಗಿಳಿದ ದಿನ ಅದು. ಕೆಸರು ಬಳಿಯುತ್ತಾ ದೇವರನ್ನು ಬಾಯಿಗೆ ಬಂದಂತೆ ಬೈದೆ. “ಅವಳು ಉಸಿರಿಗೆ ಒದ್ದಾಡ್ತಿದ್ದಾಗ ಎಲ್ಲಿ ಸತ್ತಿದ್ದೆ ನೀನು?” ಹಗ್ಗ ಜಗ್ಗಿತು. ಮತ್ತೆ ಬೈದೆ, ಮತ್ತೆ ಜಗ್ಗಿತು. ಕೊರೆಯುವ ಆ ತಂಡಿಯಲ್ಲಿ ಹಗ್ಗ ಮಾತ್ರ ಬೆಚ್ಚಗಿತ್ತು, ಯಾರೋ ಬಹಳ ಹೊತ್ತಿನಿಂದ ಮುಷ್ಟಿಯಲ್ಲಿ ಹಿಡಿದಿದ್ದಂತೆ. ಅಷ್ಟರಲ್ಲಿ ಉಸಿರು ಕಟ್ಟಿ ಕಣ್ಣು ಕತ್ತಲಿಟ್ಟಿತು. ಹಗ್ಗ ನನ್ನನ್ನು ಮೇಲಕ್ಕೆಳೆದು ಮೂಟೆಯಂತೆ ಅಂಗಳಕ್ಕೆ ಒಗೆಯಿತು.

ಗೇಟಿನಾಚೆಯಿಂದ ಭಾವಮೈದ ಟೀ ಲೋಟ ಹಿಡಿದೇ ಓಡಿಬಂದ. “ಭಾವ, ನೀವೇ ಹತ್ತಿ ಬಂದ್ರಾ? ನಾನು ಹಗ್ಗ ಬಿಟ್ಟು ಆಗಲೇ ಹೋಗಿದ್ನಲ್ಲ!”

ಅವನ ಕೆನ್ನೆಗೆ ಬಾರಿಸಿದೆ. ಆಮೇಲೆ ಆಕಾಶ ನೋಡಿ ಕಿರುಚಿದೆ: “ಎಳೆಯೋಕೆ ಬರುತ್ತೆ ಅಂದ್ಮೇಲೆ ಅವಳನ್ನ ಯಾಕೋ ಬಿಟ್ಟೆ?”

ಸೊಂಟದಲ್ಲಿದ್ದ ಹಗ್ಗ ಮೆಲ್ಲಗೆ ಜಗ್ಗಿತು. ಅದರ ಇನ್ನೊಂದು ತುದಿ ಭಾವಮೈದನ ಕಾಲಬುಡದಲ್ಲಿ ಸುಮ್ಮನೆ ಬಿದ್ದಿತ್ತು.