ಪುಡಿ ಹರಳು

"ಅಯ್ಯೋ, ಚೆಲ್ಲಬೇಡಿ!"

ಗಾಜಿನ ನಳಿಕೆ ಹಿಡಿದು ಸಿಂಕಿನ ಮೇಲೆ ಬಾಗಿದ್ದ ಅವಳ ಮುಂಗೈಯನ್ನು ಯಾರೋ ಗಪ್ಪನೆ ಹಿಡಿದರು. ಬೆಚ್ಚಿ ತಿರುಗಿದಳು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನಡೆಸಲು ಹೊಸದಾಗಿ ಬಂದಿದ್ದ ವಿಜ್ಞಾನಿ!

"ಕೈ ಬಿಡಿ! ಇದರಲ್ಲಿ ಹರಳಿಲ್ಲ, ಬರೀ ಪುಡಿ. ಮಾವ ಚೆಲ್ಲು ಅಂದಿದ್ದಾರೆ."

"ಆ ಪುಡೀನೇ ಹರಳು ಕಣ್ರೀ! ನನ್ನ ಮೆಷಿನ್‌ಗೆ ಅಷ್ಟು ಸಣ್ಣದೇ ಬೇಕು."

ಅವಳಿಗೆ ನಂಬಿಕೆಯೇ ಬರಲಿಲ್ಲ. ಪ್ರೋಟೀನಿನ ರಚನೆ ತಿಳಿಯಲೆಂದು ಅದರ ದೊಡ್ಡ ಹರಳು ಬೆಳೆಸಲು ವರ್ಷಗಟ್ಟಲೆ ಒದ್ದಾಡಿದ್ದಳು. ಅದು ಬೆಳೆಯುವವರೆಗೆ ಥೀಸಿಸ್ ಮಾತೇ ಇಲ್ಲ ಎಂದಿದ್ದರು ಲ್ಯಾಬಿನ ಮುಖ್ಯಸ್ಥರು... ಅಂದರೆ ಅವಳ ಸೋದರಮಾವ. ತಾಯಿಯಿಲ್ಲದ ಅವಳನ್ನು ಸಾಕಿದವರು. ಅವರದೇ ಮನೆ, ಅವರದೇ ಲ್ಯಾಬು, ಹೋಗಿಬರಲು ಅವರದೇ ಕಾರು. ಎದುರಾಡಲು ಬಾಯಿ ತೆರೆದರೆ ಅನ್ನದ ಋಣ ಗಂಟಲಲ್ಲಿ ಅಡ್ಡ ನಿಲ್ಲುತ್ತಿತ್ತು.

ಅವನು ಆ ಪುಡಿಯನ್ನು ಹೆಪ್ಪುಗಟ್ಟಿಸಿ ಮೈಕ್ರೋಸ್ಕೋಪಿನೊಳಗೆ ಇಟ್ಟ. ಕಣ್ಣಿಗೆ ಕಾಣದ ಒಂದು ಹರಳನ್ನು ನಿಧಾನವಾಗಿ ಓರೆ ಮಾಡುತ್ತಾ ಎಲೆಕ್ಟ್ರಾನ್ ಹಾಯಿಸಿದ. ಪರದೆಯ ಮೇಲೆ ಸಾಲುಸಾಲು ಚುಕ್ಕಿಗಳು!

"ಇವುಗಳ ಲೆಕ್ಕ ಹಿಡಿದ್ರೆ ನಿಮ್ಮ ಪ್ರೋಟೀನಿನ ರಚನೆ ಸಿಗುತ್ತೆ... ಅರೆ, ಅಳ್ತಿದ್ದೀರಾ?"

"ಇಲ್ಲಪ್ಪ... ಕಣ್ಣುರಿ."

ಅವನು ನಕ್ಕ. ಅವಳಿಗೂ ನಗು ಬಂತು.

ಮುಂದಿನ ದಿನಗಳಲ್ಲಿ ಇಬ್ಬರೂ ಒಂದೇ ಪರದೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತರು. ಆದರೆ ಇದ್ದಕ್ಕಿದ್ದಂತೆ ಅವನು "ಮೇಡಂ" ಎನ್ನತೊಡಗಿದ. ಅವಳು ಬಂದರೆ ಎದ್ದು ಹೋಗತೊಡಗಿದ.

'ಕೆಲಸ ಮುಗೀತಾ ಬಂತು... ನಾನು ಬೇಡವಾದೆನಾ?'

ರಚನೆ ಪೂರ್ತಿಯಾದ ಸಂಜೆ ಅವಳು ಮೈಕ್ರೋಸ್ಕೋಪ್ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ನನ್ನಿಂದ ಏನ್ ತಪ್ಪಾಯ್ತು? ಹೇಳಿ!"

"ನಿಮ್ಮ ಮಾವನ ಸ್ನೇಹಿತರ ಮಗನ ಜೊತೆ ನಿಮ್ಮ ಮದುವೆ ಗೊತ್ತಾಗಿದೆಯಂತೆ... ಅವರೇ ಹೇಳಿದ್ರು."

ಇದನ್ನೂ ಅವರೇ ತೀರ್ಮಾನಿಸಿಬಿಟ್ಟರೇ?

"ನನಗೇ ಗೊತ್ತಿಲ್ಲ! ಅವರಂತೂ ನನ್ನನ್ನ ಕೇಳಲಿಲ್ಲ... ನೀವೂ ಕೇಳಲಿಲ್ವಲ್ರೀ!"



ಅಷ್ಟರಲ್ಲಿ ಕಾರಿನ ಕೀಲಿಕೈ ಆಡಿಸುತ್ತಾ ಮಾವ ಬಂದರು. "ಹೊರಡೋಣ್ವೇನಮ್ಮಾ?"

"ರಚನೆ ಸಿಕ್ತು ಮಾವ. ಇನ್ನು ಥೀಸಿಸ್ ಬರೀತೀನಿ." ಅವಳು ಮಾವನತ್ತ ತಿರುಗಿದಳು. "ಆ ಮದುವೆ ನನಗೆ ಬೇಡ. ನೀವು ಹೋಗಿ... ನಾನು ಆಮೇಲೆ ಬರ್ತೀನಿ."

"ಸಾಕಿ ಬೆಳೆಸಿದ್ದಕ್ಕೆ ಇದೇನಾ?"

"ಅದನ್ನ ಸಾಯೋವರೆಗೂ ಮರೆಯಲ್ಲ, ಮಾವ. ಆದ್ರೆ ಇದು ಮಾತ್ರ ಆಗಲ್ಲ."

ಅವರು ದುರುಗುಟ್ಟಿ ನೋಡಿದರು. ಅವಳು ಕದಲಲಿಲ್ಲ. ಕೊನೆಗೆ ಅವರೇ ತಿರುಗಿ ಹೋದರು.

ಅವಳು ಗೋಡೆಗೆ ಒರಗಿದಳು. ಅವನು ಕುರ್ಚಿ ಎಳೆದು ಕೂರಿಸಿ, ಎದುರಿಗೆ ಮಂಡಿಯೂರಿದ.

"ಈಗ... ಕೇಳ್ಲಾ?"

"ಕೇಳಿ. ಹೂಂ ಅಂತೀನಿ ಅಂತ ಗೊತ್ತಿದ್ರೂ... ಬಾಯಿಬಿಟ್ಟು ಕೇಳಿ."